ಐವತ್ತು ದಾಟಿದ ಮೇಲೆ ಚಟ್ನಿಪುಡಿ ವ್ಯಾಪಾರ: ಹೀಗೆ ಶುರುಮಾಡಿ

‘ಈ ವಯಸ್ಸಲ್ಲಿ ಇದೆಲ್ಲಾ ಬೇಕಾ?’ ಅಂತ ಮೊದಲು ಕೇಳುವವರು ಮನೆಯವರೇ. ಕೇಳಲಿ ಬಿಡಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು ಬಂದು ರೇಷ್ಮೆ ಕೃಷಿ ಮಾಡಿದವರು, 2003ರಲ್ಲಿ ಏರ್ ಡೆಕ್ಕನ್ ಅನ್ನುವ ಅಗ್ಗದ ವಿಮಾನ ಸಂಸ್ಥೆ ಶುರುಮಾಡಿದಾಗ ಅವರಿಗೆ ಐವತ್ತು ದಾಟಿತ್ತು. ವಿಮಾನದ ಮಾತು ಹಾಗಿರಲಿ. ನಿಮ್ಮ ಚಟ್ನಿಪುಡಿಯನ್ನು ನೆಂಟರು ಡಬ್ಬಿಗಟ್ಟಲೆ ಕೇಳಿ ಒಯ್ಯುತ್ತಾರೆ ಅಂದರೆ, ಅದನ್ನು ಮಾರುವ ಆಸೆ ನಿಮಗೆ ಎಷ್ಟೋ ವರ್ಷದಿಂದ ಇದ್ದರೆ, ಈಗ ಶುರುಮಾಡಿ.

ಒಂದೇ ಪದಾರ್ಥ ಹಿಡಿಯಿರಿ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ಆಮೇಲೆ. ಮೊದಲ ಕೆ.ಜಿ. ಪುಡಿಯನ್ನು ಪರಿಚಯ ಇಲ್ಲದವರಿಗೆ ದುಡ್ಡು ತಗೊಂಡೇ ಕೊಡಿ. ನೆಂಟರು ಹೇಗಿದ್ದರೂ ಚೆನ್ನಾಗಿದೆ ಅಂತಾರೆ, ಎರಡನೇ ಸಲ ದುಡ್ಡು ಕೊಟ್ಟು ಕೊಂಡವರೇ ನಿಜವಾದ ಗಿರಾಕಿ. ಅದೇ ಹದದ ಒಂದೆರಡು ಪ್ಯಾಕೆಟ್ ಮನೆಯಲ್ಲೇ ಇಟ್ಟು ವಾರಕ್ಕೊಮ್ಮೆ ಮೂಸಿ ನೋಡಿ. ಕೊಬ್ಬರಿ ಹಾಕಿದ ಪುಡಿ ಬೇಗ ಕಮಟು ಹಿಡಿಯುತ್ತದೆ. ಎಷ್ಟು ದಿನ ಚೆನ್ನಾಗಿರುತ್ತದೋ ನೋಡಿಕೊಂಡು, ಅದಕ್ಕಿಂತ ಕಡಿಮೆ ಅವಧಿಯನ್ನೇ ಲೇಬಲ್ ಮೇಲೆ ಹಾಕಿ.

ಇನ್ನು ಲೆಕ್ಕ. ಹೆಚ್ಚಿನವರು ಸೋಲುವುದು ಇಲ್ಲೇ. ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಕೊಬ್ಬರಿ, ಎಲ್ಲವನ್ನೂ ತೂಕ ಮಾಡಿ ಬರೆದಿಡಿ. ಹುರಿದ ಮೇಲೆ ತೂಕ ಇಳಿಯುತ್ತದೆ, ತೊಟ್ಟು ಕಿತ್ತರೆ ಮೆಣಸಿನಕಾಯಿ ಇನ್ನೂ ಕಮ್ಮಿ, ಕರಿಬೇವಂತೂ ಒಣಗಿದರೆ ಹಿಡಿಯಷ್ಟೂ ಉಳಿಯಲ್ಲ, ಆದ್ದರಿಂದ ಕೊನೆಗೆ ಸಿಕ್ಕ ಪುಡಿಯ ತೂಕದ ಮೇಲೆಯೇ ಬೆಲೆ ಕಟ್ಟಬೇಕು. ಗ್ಯಾಸ್, ಪ್ಯಾಕೆಟ್, ಲೇಬಲ್, ಆಟೋ ಬಾಡಿಗೆ, ರುಚಿಗೆ ಅಂತ ಸುಮ್ನೆ ಕೊಟ್ಟಿದ್ದು, ಅಂಗಡಿಯವರ ಕಮಿಷನ್, ಎಲ್ಲವೂ ಸೇರಲಿ. ನಿಮ್ಮ ಕೂಲಿಯನ್ನು ದಯವಿಟ್ಟು ಬಿಡಬೇಡಿ. ‘ಮನೇಲೇ ಮಾಡಿದ್ದು, ಅದಕ್ಕೇನು ಕೂಲಿ’ ಅಂತ ಎಷ್ಟೋ ಹೆಂಗಸರ ದುಡಿಮೆಯನ್ನು ಸೊನ್ನೆಗೆ ಇಳಿಸಿದ್ದೇವೆ. ನಾಳೆ ಮಂಡಿನೋವು ಬಂದು ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಅವರಿಗೆ ಕೊಡುವ ದುಡ್ಡು ಆ ಬೆಲೆಯಲ್ಲೇ ಹುಟ್ಟಬೇಕು, ಅಲ್ವಾ?

ಮಾರುವ ಮುಂಚೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ಸಣ್ಣ ವ್ಯಾಪಾರಕ್ಕೆ ಮೂಲ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ, ಅದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ವೆಬ್‌ಸೈಟ್‌ನಲ್ಲಿ ಅರ್ಜಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ಬೆಲೆ, ತಯಾರಿಸಿದ ದಿನ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಲಿ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇರಲಿ. ಮನೆ ಖರ್ಚಿನ ಜೊತೆ ಬೆರೆತರೆ ಲಾಭವೋ ನಷ್ಟವೋ ಗೊತ್ತೇ ಆಗಲ್ಲ.

ಪಿಎಫ್, ಗ್ರಾಚ್ಯುಟಿ ದುಡ್ಡನ್ನು ಮಾತ್ರ ಮುಟ್ಟಬೇಡಿ. ಇಪ್ಪತ್ತೈದರಲ್ಲಿ ಕಳೆದುಕೊಂಡರೆ ಮತ್ತೆ ದುಡಿಯಬಹುದು, ಅರವತ್ತರಲ್ಲಿ ಅದು ಔಷಧಿಯ ದುಡ್ಡು. ಮನೆ ಮಿಕ್ಸಿಗೆ ಮೀರಿ ಆರ್ಡರ್ ಬರತೊಡಗಿದ ಮೇಲೆ ದೊಡ್ಡ ಯಂತ್ರದ ಯೋಚನೆ ಮಾಡಿ. ಆಗ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಸಬ್ಸಿಡಿ ಇರುವ ಸಾಲದ ಯೋಜನೆಗಳನ್ನು ವಿಚಾರಿಸಿ. ಹೊಸ ಉದ್ಯಮಕ್ಕೆ ಸಬ್ಸಿಡಿ ಸಹಿತ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ವಯಸ್ಸಿನ ಬಗ್ಗೆ 18 ತುಂಬಿರಬೇಕು ಅಂತಷ್ಟೇ ಇದೆ, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಬ್ಯಾಂಕಿನವರು ವಯಸ್ಸಿನ ಮಾತು ತೆಗೆದರೆ ಆರ್ಡರ್ ಪುಸ್ತಕ, ಖಾತೆಯ ಸ್ಟೇಟ್‌ಮೆಂಟ್ ಎರಡನ್ನೂ ಮೇಜಿನ ಮೇಲಿಡಿ.