ಮಾತು ಕೊನೆಗೆ ಬರೆಯುತ್ತೇನೆ

ಮಲೆನಾಡಿನಿಂದ ಸಿನಿಮಾ, ಧಾರಾವಾಹಿ ಬರವಣಿಗೆಗೆ ಹೋಗುವವರಿಗೆ ಮಾತಿನ ಬಡತನ ಇರುವುದಿಲ್ಲ. ಜಗಲಿಯಲ್ಲಿ ಹರಟೆ, ಅಡಿಕೆ ಸುಲಿಯುವಾಗ ಕಥೆ, ಊರಲ್ಲಿ ನಾಟಕ, ಯಕ್ಷಗಾನ. ಚೆನ್ನಾಗಿ ಮಾತು ಬರೆಯುವ ಹುಡುಗ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಚಿತ್ರಕಥೆ ಮಾತ್ರ ಬೇರೆ ಕೆಲಸ. ಯಾರು ಏನು ಮಾಡಿದರು, ಅದರಿಂದ ಮುಂದೆ ಏನಾಯಿತು, ನೋಡುವವರಿಗೆ ಯಾವುದು ಮೊದಲು ಗೊತ್ತಾಗಬೇಕು, ಯಾವುದನ್ನು ಆಮೇಲೆ ಹೇಳಬೇಕು ಅಂತ ಜೋಡಿಸುವ ಕೆಲಸ. ನಾನು ಅದನ್ನು ಕಲಿತದ್ದು ಧಾರಾವಾಹಿಯಲ್ಲಿ. ಸಂಭಾಷಣೆಯಿಂದ ಶುರು ಮಾಡಿ ಚಿತ್ರಕಥೆಗೆ ಬಂದೆ. ಈಗ ಸಿನಿಮಾಕ್ಕೂ ಬರೆಯುತ್ತೇನೆ. ಹೆಚ್ಚಿನ ಬರವಣಿಗೆ ನಡೆಯುವುದು ಸಾಗರದ ಹತ್ತಿರ, ನಮ್ಮ ಮನೆಯಲ್ಲೇ.

ಚಿಕ್ಕವಳಿದ್ದಾಗ ಅಪ್ಪಯ್ಯನ ಜೊತೆ ತಾಳಮದ್ದಳೆಗೆ ಹೋಗುತ್ತಿದ್ದೆ. ಅಲ್ಲಿ ಯಕ್ಷಗಾನದ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಆ ಪದ್ಯ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಆಗ ನನಗೆ ಕಿವಿ ತುಂಬಿದ್ದು ಮಾತೇ. ಬರವಣಿಗೆಗೆ ಬಂದ ಮೇಲೆ ಗಮನ ಹೋದದ್ದು ಪದ್ಯಗಳನ್ನು ಜೋಡಿಸಿದ ಕ್ರಮದ ಕಡೆಗೆ. ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಯಾವಾಗ ಗೊತ್ತಾಗಬೇಕು? ಯುದ್ಧ ನಿಶ್ಚಯವಾದ ಮೇಲೆ. ಯಾರಿಂದ? ಅವನನ್ನು ಪಾಂಡವರ ಕಡೆಗೆ ಕರೆಯಲು ಬಂದ ಕೃಷ್ಣನಿಂದ. ಗುಟ್ಟು ಒಂದು ವರ್ಷ ಮೊದಲೇ ಗೊತ್ತಾಗಿದ್ದರೆ ಆ ಸಂಕಟಕ್ಕೆ ಅಷ್ಟು ಕಾವು ಇರುತ್ತಿರಲಿಲ್ಲ, ಅಲ್ವಾ? ಅರ್ಥಧಾರಿ ಹತ್ತು ನಿಮಿಷ ಮಾತಾಡಲಿ, ಒಂದು ಗಂಟೆ ಮಾತಾಡಲಿ, ಆ ಜೋಡಣೆ ಅಲುಗುವುದಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕೆ ಸೀನ್ ಆರ್ಡರ್ ಅನ್ನುತ್ತಾರೆ.

ನಮ್ಮೂರಿನ ಹತ್ತಿರವೇ ಹೆಗ್ಗೋಡು ಇರುವುದು ನನ್ನ ಪುಣ್ಯ. ಅಲ್ಲಿ 1949ರಲ್ಲಿ ಶುರುವಾದ ನಾಟಕದ ಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ದೇಶ ವಿದೇಶದ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯವರ ಮುಂದೆ ಇಟ್ಟಿತು. ಸಿನಿಮಾ ಅರ್ಥವಾಗಲು ಪೇಟೆಯವರಾಗಬೇಕು, ಇಂಗ್ಲಿಷ್ ಬರಬೇಕು ಅನ್ನುವ ಹಿಂಜರಿಕೆಯನ್ನು ನಮ್ಮ ಹಿಂದಿನ ತಲೆಮಾರಿನಲ್ಲೇ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಮುರಿದಿದ್ದರು. ನಮ್ಮ ಮನೆಯಲ್ಲಿ ಸಿನಿಮಾದ ಬಗ್ಗೆ ಗಂಭೀರವಾಗಿ ಮಾತಾಡುವುದು ಅಸಹಜ ಅನ್ನಿಸಲೇ ಇಲ್ಲ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಭದ್ರಾವತಿ ಆಕಾಶವಾಣಿಗೆ ಕಿರುನಾಟಕ ಬರೆದೆ. ರೇಡಿಯೋದಲ್ಲಿ ಬಾಗಿಲು ತೆರೆದದ್ದನ್ನೂ ಕಿವಿಗೇ ಹೇಳಬೇಕು. ಆ ಅಭ್ಯಾಸ ಮುಂದೆ ಒಂದು ಕಡೆ ಕೈ ಹಿಡಿಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿಗೆ ಹೋಗಿ ಹಿರಿಯ ಸಂಭಾಷಣೆಕಾರರೊಬ್ಬರ ಹತ್ತಿರ ಅಸಿಸ್ಟೆಂಟ್ ಆದೆ. ನಾಟಕದ ಗೆಳತಿ ಪರಿಚಯ ಮಾಡಿಸಿದ್ದು. ಆದರೆ ಕೆಲಸ ಸಿಕ್ಕಿದ್ದು ಪರಿಚಯದಿಂದಲ್ಲ. ಆಗ ಓಡುತ್ತಿದ್ದ ಒಂದು ಧಾರಾವಾಹಿಯ ಆ ದಿನದ ಕಂತು ನೋಡಿ, ಮುಂದಿನ ಕಂತನ್ನು ನಾನೇ ಬರೆದು ತೆಗೆದುಕೊಂಡು ಹೋಗಿದ್ದೆ. ಅವರು ಓದಿ, "ನಾಳೆಯಿಂದ ಬಾರಮ್ಮ" ಅಂದರು. ಈಗಲೂ ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ಕಥಾಸಂಕಲನ, ಕವಿತೆ, ಪ್ರಶಸ್ತಿಪತ್ರ ಕಳಿಸಬೇಡಿ. ನಡೆಯುತ್ತಿರುವ ಧಾರಾವಾಹಿಯ ಒಂದು ಕಂತು ಬರೆದು ಕಳಿಸಿ. ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಗೊತ್ತಾಗಬೇಕಾದದ್ದು ಒಂದೇ: ಬೇರೆಯವರು ಹುಟ್ಟಿಸಿದ ಪಾತ್ರವನ್ನು ನೀವು ಅದರ ದನಿ ಕೆಡದಂತೆ ಮುಂದಕ್ಕೆ ಒಯ್ಯಬಲ್ಲಿರಾ ಅಂತ.

ಕೆಲಸ ಹೀಗೆ ನಡೆಯುತ್ತದೆ. ಚಾನೆಲ್‌ನವರು, ನಿರ್ಮಾಪಕರು, ನಿರ್ದೇಶಕರು, ಬರಹಗಾರರು ಕೂತು ಮುಂದಿನ ಟ್ರ್ಯಾಕ್, ಅಂದರೆ ಕಥೆಯ ಮುಂದಿನ ಎಳೆ, ಮಾತಾಡುತ್ತಾರೆ. ಮನೆಯ ಜಗಳವೋ, ಮದುವೆಯೋ, ಆಸ್ತಿಯ ಗುಟ್ಟೋ, ಅದನ್ನು ಕಂತುಗಳಾಗಿ ಒಡೆದು ಪ್ರತಿ ಕಂತಿಗೆ ಒಂದೆರಡು ಸಾಲಿನ ಒನ್‌ಲೈನ್ ಮಾಡುತ್ತಾರೆ. ಚಿತ್ರಕಥೆ ಬರೆಯುವವರು ಒನ್‌ಲೈನ್ ಹಿಡಿದು ಸೀನ್ ಆರ್ಡರ್ ಕೊಡುತ್ತಾರೆ. ಅದು ಒಪ್ಪಿಗೆಯಾದ ಮೇಲೆ ಸಂಭಾಷಣೆಕಾರರ ಕೈಗೆ ಬರುತ್ತದೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು ಸುಮಾರು 22 ನಿಮಿಷ. ಬ್ರೇಕ್‌ಗೆ ಹೋಗುವ ಮೊದಲು ನೋಡುವವರನ್ನು ಹಿಡಿದಿಡುವ ಒಂದು ಹುಕ್ ಬೇಕು, ಕಂತಿನ ಕೊನೆಗೆ ಇನ್ನೂ ಗಟ್ಟಿ ಹುಕ್ ಬೇಕು. ವಾರಕ್ಕೆ ಐದೋ ಆರೋ ಕಂತು. ಗುರುವಾರ ಬಾರ್ಕ್ ಸಂಸ್ಥೆಯ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಅಂಕಿ, ಬರುತ್ತದೆ. ಅಂಕಿ ಇಳಿದಿದ್ದರೆ ಒಪ್ಪಿಗೆಯಾದ ಟ್ರ್ಯಾಕ್ ಕೂಡ ಬದಲಾಗುತ್ತದೆ. ಅತ್ತೆಯ ಪಾತ್ರ ಮಾಡುವವರಿಗೆ ಜ್ವರ ಬಂತು ಅಂದರೆ, ಅತ್ತೆ ಇಲ್ಲದೆ ಅದೇ ದೃಶ್ಯ ನಡೆಯುವಂತೆ ಸಂಜೆಯೊಳಗೆ ಬರೆದು ಕಳಿಸಬೇಕು. ಆಗ ಯೋಚನೆ ತಾನಾಗೇ ಬುಡಕ್ಕೆ ಹೋಗುತ್ತದೆ. ಈ ದೃಶ್ಯದಲ್ಲಿ ನಿಜಕ್ಕೂ ಆಗಬೇಕಾದದ್ದು ಏನು? ಅತ್ತೆಯ ಮಾತೋ, ಅಥವಾ ಸೊಸೆಗೆ ವಿಷಯ ಗೊತ್ತಾಗುವುದೋ? ಗೊತ್ತಾಗುವುದೇ ಮುಖ್ಯ ಆದರೆ ಅತ್ತೆಯ ಫೋನ್ ಕರೆ ಸಾಕು, ನಾದಿನಿಯ ಬಾಯಿ ಸಾಕು, ಒಂದು ಬ್ಯಾಂಕ್ ಪಾಸ್‌ಬುಕ್ ಸಾಕು. ಇಂಥ ಸಂಜೆಗಳು ನನಗೆ ಕಲಿಸಿದಷ್ಟನ್ನು ಯಾವ ತರಗತಿಯೂ ಕಲಿಸಿಲ್ಲ. ಧಾರಾವಾಹಿಯನ್ನು ಕೀಳಾಗಿ ನೋಡುವ ಸಾಹಿತ್ಯದ ಗೆಳೆಯರೊಡನೆ ನಾನು ಈ ವಿಷಯಕ್ಕೆ ಈಗಲೂ ವಾದ ಮಾಡುತ್ತೇನೆ.

ನನ್ನ ಹತ್ತಿರ ಕಲಿಯಲು ಬರುವವರಿಗೆ ಕೊಡುವ ಒಂದು ಸನ್ನಿವೇಶ ಇದೆ. ಮಗಳು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾಳೆ. ಮನೆಯಲ್ಲಿ ಹೇಳಿಲ್ಲ. ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಾನೆ. ಬರೆಯಿರಿ ಅಂದರೆ ಹೆಚ್ಚಿನವರು ಅಪ್ಪನಿಗೆ ಉದ್ದದ ಮಾತು ಕೊಡುತ್ತಾರೆ. ಮಣ್ಣು, ಬೇರು, ತಾತನ ಕಾಲದ ತೋಟ. ಓದಲು ಚೆನ್ನಾಗಿಯೇ ಇರುತ್ತದೆ. ನಾನು ಮಾತು ಪೂರ್ತಿ ಅಳಿಸಿ, ಬರೀ ನಡೆದದ್ದನ್ನು ಬರೆಯಿಸುತ್ತೇನೆ. ಮಗಳ ಕೈಯಲ್ಲಿ ದೊಡ್ಡ ಎರಡು ಬ್ಯಾಗು. ಅಪ್ಪ ಬ್ಯಾಗು ನೋಡುತ್ತಾನೆ. ಅಪ್ಪ ಕೇಳದೇ ಇದ್ದರೂ ಮಗಳೇ ಹೇಳುತ್ತಾಳೆ, "ಎರಡು ದಿನ ರಜೆ ಹಾಕಿದೀನಿ ಅಪ್ಪಯ್ಯ." ಅಪ್ಪ "ಹೌದಾ" ಅನ್ನುತ್ತಾನೆ. ಅವಳು ಕಾಲು ತೊಳೆಯಲು ಹೋದಾಗ ಬ್ಯಾಗುಗಳನ್ನು ಎತ್ತಿ ಅಟ್ಟದ ಮೇಲೆ ಇಡುತ್ತಾನೆ. ಅಷ್ಟೇ. ಎರಡು ದಿನಕ್ಕೆ ಬಂದವಳ ಬ್ಯಾಗನ್ನು ಯಾರೂ ಅಟ್ಟಕ್ಕೆ ಹಾಕುವುದಿಲ್ಲ. ಅಪ್ಪನಿಗೆ ಗೊತ್ತಾಗಿದೆ. ಅವನಿಗೆ ಗೊತ್ತಾಗಿದೆ ಅನ್ನುವುದು ನಮಗೂ ಗೊತ್ತಾಯಿತು, ಮಗಳಿಗೆ ಇನ್ನೂ ಇಲ್ಲ. ಮುಂದಿನ ದೃಶ್ಯ ಅಲ್ಲೇ ಹುಟ್ಟಿಬಿಟ್ಟಿತು. ಅವಳು ಬಟ್ಟೆ ಬದಲಾಯಿಸಲು ಬ್ಯಾಗು ಹುಡುಕಲೇಬೇಕಲ್ಲ.

ಸಿನಿಮಾಕ್ಕೆ ಇಷ್ಟು ಸಾಕು. ಧಾರಾವಾಹಿಗೆ ಇನ್ನೊಂದಿಷ್ಟು ಬೇಕು. ಸಂಜೆ ಆರೂವರೆ, ಏಳಕ್ಕೆ ನಮ್ಮ ಕಂತು ಬರುವಾಗ ಮನೆಯ ಹೆಂಗಸರು ಒಲೆಯ ಮುಂದೆ ಇರುತ್ತಾರೆ. ಪಲ್ಯ ಹೆಚ್ಚುತ್ತಾ ಕಿವಿಯಲ್ಲೇ ಅರ್ಧ ಕಥೆ ನೋಡುತ್ತಾರೆ. ನಮ್ಮ ಅಮ್ಮನೂ ಹಾಗೇ. ರೇಡಿಯೋದ ಅಭ್ಯಾಸ ಕೈ ಹಿಡಿದದ್ದು ಇಲ್ಲಿ. ಆದ್ದರಿಂದ ಆ ಅಪ್ಪನ ಹೆಂಡತಿಯ ಬಾಯಲ್ಲಿ ಒಂದು ಮಾತು ಬರಿಸುತ್ತೇನೆ: "ಎಂತಕ್ಕೆ ಅಟ್ಟಕ್ಕೆ ಹಾಕಿದ್ರಿ? ಎರಡು ದಿನಕ್ಕೆ ಬೇಕಲ್ಲ ಅವಳಿಗೆ." ಗಂಡ ಹೇಳುತ್ತಾನೆ, "ಬೇಕಾಗಲ್ಲ." ಅಡುಗೆಮನೆಗೂ ವಿಷಯ ಮುಟ್ಟಿತು. ಮುಖ್ಯ ವಿಷಯ ಮಾತಿನಲ್ಲೂ ಬರಬೇಕು ಅನ್ನುವುದನ್ನು ನಾನು ರಾಜಿ ಅಂದುಕೊಂಡಿಲ್ಲ. ದಿನವಿಡೀ ದುಡಿದು ಕಥೆ ಕೇಳುವವರಿಗೆ ಕೊಡಬೇಕಾದ ಮರ್ಯಾದೆ ಅದು.

ಭಾಷೆಯ ಪ್ರಶ್ನೆ ಎಲ್ಲ ಮೀಟಿಂಗ್‌ನಲ್ಲೂ ಬರುತ್ತದೆ. ನಮ್ಮ ಕಡೆಯ ಕನ್ನಡ ಬರೆದರೆ, "ರಾಯಚೂರಿನವರಿಗೆ ಅರ್ಥ ಆಗುತ್ತಾ ಮೇಡಂ?" ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ನಾನು ಕಷ್ಟದ ಪದ ಬಿಡುತ್ತೇನೆ, ಮಾತಿನ ನಡಿಗೆ ಬಿಡುವುದಿಲ್ಲ. ನಮ್ಮವರು ನೇರವಾಗಿ ಇಲ್ಲ ಅನ್ನುವುದು ಕಡಿಮೆ. "ನೋಡುವಾ" ಅನ್ನುತ್ತಾರೆ. "ಎಂತ ಮಾರಾಯ" ಅನ್ನುವುದು ಬೈಗುಳವೂ ಆಗುತ್ತದೆ, ಅಕ್ಕರೆಯೂ ಆಗುತ್ತದೆ. ಇಷ್ಟು ಉಳಿದರೆ ಪಾತ್ರ ಮಲೆನಾಡಿನದೇ.

ಸಿನಿಮಾಕ್ಕೆ ಹೋಗುವುದು ಬೇರೆ ಬಾಗಿಲು. ನಮ್ಮ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಅಂತ ಮೂರು ಸಾಲು. ರಾಜ್ಯ ಪ್ರಶಸ್ತಿಯೂ ಮೂರಕ್ಕೆ ಬೇರೆ ಬೇರೆ. ಎಷ್ಟೋ ಸಲ ಮೊದಲೆರಡು ನಿರ್ದೇಶಕರವು, ಹೊಸ ಬರಹಗಾರರಿಗೆ ಮೂರನೆಯದು. ನಾನೂ ಅಲ್ಲಿಂದಲೇ ಹತ್ತಿದೆ. ಸಂಭಾಷಣೆಗೆ ಕರೆದಾಗ, ಸೀನ್ ಆರ್ಡರ್ ಚರ್ಚೆಗೆ ನನ್ನನ್ನೂ ಕೂರಿಸಿಕೊಳ್ಳಿ ಅಂತ ಕೇಳುತ್ತಿದ್ದೆ. ಅಲ್ಲಿ ಕೊಟ್ಟ ಸಲಹೆಗಳು ಉಳಿದುಕೊಂಡಾಗ ಮುಂದಿನ ಚಿತ್ರಕ್ಕೆ ಚಿತ್ರಕಥೆಗೇ ಕರೆದರು.

ಈಗ ಸಿನಿಮಾ ಬರೆಯುವಾಗ ಒಂದೊಂದು ದೃಶ್ಯಕ್ಕೆ ಒಂದು ಚೀಟಿ ಮಾಡಿ ಜಗಲಿಯ ಮೇಲೆ ಹರವುತ್ತೇನೆ. ಚೀಟಿಯಲ್ಲಿ ಮಾತು ಇರಕೂಡದು. ಏನಾಯಿತು ಅಂತ ಒಂದು ಸಾಲು. ಇಂಟರ್ವಲ್ ಚೀಟಿ ಮೊದಲು ಇಡುತ್ತೇನೆ, ಅದರ ಹಿಂದೆ ಮುಂದೆ ಉಳಿದವು. ಯಾವುದಾದರೂ ಚೀಟಿ ತೆಗೆದರೂ ಕಥೆ ನಿಲ್ಲದೆ ಸಾಗುತ್ತಿದ್ದರೆ ಆ ದೃಶ್ಯ ಬೇಡ. ಪೂರ್ತಿ ಕಥೆಯನ್ನು ಮಾತೇ ಇಲ್ಲದೆ ಅಮ್ಮನಿಗೆ ಹೇಳಿ, ಅವರು "ಆಮೇಲೆ?" ಅಂತ ಕೇಳುತ್ತಾ ಹೋದರೆ ಮಾತ್ರ ಸಂಭಾಷಣೆಗೆ ಕೂರುತ್ತೇನೆ.

ಮಳೆಯ ಬಗ್ಗೆ ಒಂದು ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮಗೆ ಮಳೆ ಸುಮ್ನೆ ಬರೆದುಬಿಡುವ ಪದ. ಆದರೆ ನಿಜ ಮಳೆ ಶಾಟ್‌ನಿಂದ ಶಾಟ್‌ಗೆ ಒಂದೇ ಥರ ಸುರಿಯುವುದಿಲ್ಲ, ಕಂಟಿನ್ಯೂಟಿ ಸಿಗುವುದಿಲ್ಲ. ಅದಕ್ಕೇ ಮಲೆನಾಡಿನ ಮಳೆಯನ್ನೂ ಟ್ಯಾಂಕರ್ ನೀರಿನಲ್ಲಿ ಸುರಿಸುತ್ತಾರೆ. ಹಾಗಾಗಿ ದೃಶ್ಯ ನಡೆಯಲು ಮಳೆಯೇ ಬೇಕು ಅನ್ನುವಲ್ಲಿ ಮಾತ್ರ ಬರೆಯುತ್ತೇನೆ. ಹೊಳೆ ತುಂಬಿ ದಾರಿ ಕಟ್ಟಾಗಿ ಇಬ್ಬರು ಒಂದೇ ಮನೆಯಲ್ಲಿ ಸಿಕ್ಕಿಕೊಳ್ಳಬೇಕಾದರೆ ಮಳೆ ಬೇಕು. ಬೇಸರ ತೋರಿಸಲು ಬೇಡ.

ಹಣದ ವಿಷಯ. ಧಾರಾವಾಹಿಯಲ್ಲಿ ಕಂತಿನ ಲೆಕ್ಕ, ಸಿನಿಮಾದಲ್ಲಿ ಹಂತ ಹಂತವಾಗಿ. ಅಡ್ವಾನ್ಸ್, ಮೊದಲ ಡ್ರಾಫ್ಟ್, ಕೊನೆಯ ಡ್ರಾಫ್ಟ್. ಒಬ್ಬ ನಿರ್ಮಾಪಕರು ಕೊನೆಯ ಹಂತದ ಹಣ ಕೊಡಲೇ ಇಲ್ಲ. ಅಲ್ಲಿಂದ ಕೊನೆಯ ಡ್ರಾಫ್ಟ್ ಕೈಗೆ ಕೊಡುವ ದಿನವೇ ಬಾಕಿ ಪೂರ್ತಿ ಕೊಡಬೇಕು ಅಂತ ಬರೆಸುತ್ತೇನೆ. ಕಾನೂನು ನಮ್ಮ ಕಡೆ ಇರುವಲ್ಲಿ ಅದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಿಯ ಐಡಿಯಾಕ್ಕೆ ಹಕ್ಕಿಲ್ಲ, ಬರೆದದ್ದಕ್ಕೆ ಇದೆ. ಆದ್ದರಿಂದ ಬಾಯಲ್ಲಿ ಕಥೆ ಹೇಳುವ ಮೊದಲು ಬರೆದಿಟ್ಟುಕೊಳ್ಳಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರ ಸ್ಕ್ರಿಪ್ಟ್ ನೋಂದಣಿ ಮಾಡಿಕೊಡುತ್ತದೆ, ಕನ್ನಡದವರೂ ಸದಸ್ಯರಾಗಬಹುದು. ಹಕ್ಕು ಬಿಟ್ಟುಕೊಡುವುದಾದರೆ ಅದು ಸಹಿ ಹಾಕಿದ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಲೆಕ್ಕ ಹಾಕುತ್ತದೆ. 2012ರ ತಿದ್ದುಪಡಿ ಆದ ಮೇಲೆ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಯ ರಾಯಲ್ಟಿಯ ಪಾಲನ್ನು ಬರಹಗಾರರು ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ನಾನು ಇನ್ನೂ ಒಂದು ಸಾಲು ಸೇರಿಸಲು ಹೇಳುತ್ತೇನೆ. ಟೈಟಲ್ ಕಾರ್ಡಿನ ಮೂರು ಸಾಲುಗಳಲ್ಲಿ ಯಾವುದರ ಕೆಳಗೆ ನನ್ನ ಹೆಸರು, ಒಬ್ಬಳದೇನಾ ಅಥವಾ ಇನ್ನೊಬ್ಬರ ಜೊತೆಗಾ ಅಂತ. ಹೆಸರಿನ ಕಾಗುಣಿತವನ್ನೂ ಬರೆಸುತ್ತೇನೆ.