ಕಣ್ಗಾವಲು ಬಿಟ್ಟೆ, ಮೂರು ಸಾಲು ಬರೆಸಿದೆ: ಮನೆಯಿಂದ ದುಡಿಯುವ ಟೀಮ್ ನಡೆಸಿದ ನನ್ನ ಅನುಭವ

ನಮ್ಮದು ಹದಿನಾಲ್ಕು ಜನರ ಸಾಫ್ಟ್‌ವೇರ್ ಟೀಮ್. 2020ರಿಂದ ಎಲ್ಲರೂ ಮನೆಯಿಂದಲೇ ಕೆಲಸ. "ಹೀಗೆ ಬಿಟ್ರೆ ಆರು ತಿಂಗಳಲ್ಲಿ ಬಾಗಿಲು ಹಾಕ್ಬೇಕಾಗುತ್ತೆ" ಎಂದಿದ್ದ ನನ್ನ ಪಾರ್ಟ್‌ನರ್, ಈಗ ತಮ್ಮ ಇನ್ನೊಂದು ಟೀಮಿಗೂ ನನ್ನ ಕ್ರಮವನ್ನೇ ತಂದಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ಕೈ ಸುಟ್ಟುಕೊಂಡಿದ್ದನ್ನು ಹೇಳುತ್ತೇನೆ. ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಕೊಂಡೆ. ಡಿಸ್ಕೌಂಟ್ ಆಸೆಗೆ ಇಡೀ ವರ್ಷದ ಹಣ ಒಟ್ಟಿಗೇ ಕಟ್ಟಿದೆ. ಹೆಚ್ಚುಕಮ್ಮಿ ಒಬ್ಬ ಜೂನಿಯರ್‌ನ ಎರಡು ತಿಂಗಳ ಸಂಬಳ. ಎಂಟು ಗಂಟೆ, ಹದಿನಾಲ್ಕು ಜನ ಅಂದ್ರೆ ದಿನಕ್ಕೆ 670 ಚಿತ್ರ. ಮೊದಲ ವಾರ ಕೂತು ನೋಡಿದೆ, ಆಮೇಲೆ ಯಾರೂ ನೋಡಲಿಲ್ಲ. ಯಾರ ಮೌಸ್ ಎಷ್ಟು ಹೊತ್ತು ಅಲ್ಲಾಡುತ್ತಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲರೂ 90 ಪರ್ಸೆಂಟ್ ಮೇಲೆ, ಡೆಲಿವರಿ ಮಾತ್ರ ಹಿಂದೆ ಬೀಳುತ್ತಲೇ ಹೋಯಿತು. ಒಬ್ಬರು ಮೌಸ್ ಜಿಗ್ಲರ್, ಅಂದ್ರೆ ಕೈ ಮುಟ್ಟದೆಯೇ ಮೌಸ್ ಅಲ್ಲಾಡಿಸುವ ಸಾಧನ, ಇಟ್ಟುಕೊಂಡಿದ್ದರು ಅಂತ ತಡವಾಗಿ ಗೊತ್ತಾಯಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೌಸ್ ಅಲ್ಲಾಡಬೇಕು ಅಂತ ಕೇಳಿದ್ದು ನಾನೇ ಅಲ್ವಾ?

ಜಾಸ್ತಿ ನೋವಾಗಿದ್ದು ನಮ್ಮ ಒಳ್ಳೆಯ ಟೆಸ್ಟರ್ ಬಿಟ್ಟು ಹೋದಾಗ. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಹತ್ತು ನಿಮಿಷಕ್ಕೊಂದ್ಸಲ ಹೇಳಿದ ಹಾಗಿರುತ್ತೆ ಸಾರ್" ಎಂದರು. ಆ ಜಾಗ ತುಂಬಲು ಮೂರೂವರೆ ತಿಂಗಳು ಹಿಡಿಯಿತು. ಆ ಖರ್ಚಿನ ಮುಂದೆ ಸಾಫ್ಟ್‌ವೇರ್ ಹಣ ಏನೂ ಅಲ್ಲ.

ಕಣ್ಗಾವಲು ಬಿಟ್ಟ ಮೇಲೆ ದಿನಾ ಬೆಳಗ್ಗೆ ನಲವತ್ತು ನಿಮಿಷ ವಿಡಿಯೋ ಮೀಟಿಂಗ್ ಶುರು ಮಾಡಿದೆ. ಹದಿನಾಲ್ಕರಿಂದ ಗುಣಿಸಿದರೆ ಒಂಬತ್ತು ಗಂಟೆ ದಾಟುತ್ತೆ. ಒಬ್ಬರ ಇಡೀ ದಿನದ ಸಂಬಳ ದಿನಾ ಅದಕ್ಕೇ ಹೋಗುತ್ತಿತ್ತು. ಎರಡು ತಿಂಗಳಾದ ಮೇಲೆ ನಿಲ್ಲಿಸಿದೆ.

ಕೊನೆಗೆ ಕೈ ಹಿಡಿದಿದ್ದು ಮೂರು ಸಾಲು. ಕೆಲಸ ನಿಲ್ಲಿಸುವ ಮುಂಚೆ, ಚಾಟ್‌ನಲ್ಲಲ್ಲ, ಟಿಕೆಟ್‌ನಲ್ಲೇ (ಪ್ರತಿ ಕೆಲಸಕ್ಕೂ ಆನ್‌ಲೈನ್‌ನಲ್ಲಿ ತೆರೆಯುವ ದಾಖಲೆ) ಬರೆಯಬೇಕು. ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದೆ, ನಾಳೆ ಬೇರೆಯವರು ಕೈಗೆತ್ತಿಕೊಂಡರೆ ಎಲ್ಲಿಂದ ಶುರು ಮಾಡಬೇಕು. ಮೊದಲ ಮೂರು ವಾರ "ಕೆಲಸ ನಡೀತಿದೆ" ಅಂತ ಸುಮ್ನೆ ಬರೆದು ಹೋಗುತ್ತಿದ್ದರು. ಆಗ ನಾನೇ ದಿನಾ ಎಲ್ಲರಿಗಿಂತ ಮೊದಲು ಬರೆಯತೊಡಗಿದೆ, ನನ್ನ ಕೈಯಲ್ಲಿ ಆಗದೆ ಉಳಿದಿದ್ದನ್ನೂ ಸೇರಿಸಿ. ನಿಧಾನವಾಗಿ ಬದಲಾಯಿತು.

ಒಂದು ಸಂಜೆಯ ನೋಟ್ ಇನ್ನೂ ನೆನಪಿದೆ: "ಬಿಲ್ ಪೇಜಿನ ಪಿಡಿಎಫ್ ಬಟನ್ ಸರಿಯಾಯಿತು. ಹಳೇ ಮೊಬೈಲಿನಲ್ಲಿ ಮಾತ್ರ ಒತ್ತಿದರೆ ಏನೂ ಆಗುತ್ತಿಲ್ಲ. ಫಾಂಟ್ ಲೋಡ್ ಆಗುವ ಜಾಗ ನೋಡಿ, ನನಗೆ ಅಲ್ಲೇ ಅನುಮಾನ." ಬರೆದವರಿಗೆ ಮರುದಿನ ಜ್ವರ. ಬೇರೆ ಊರಿನಲ್ಲಿರುವ ಇನ್ನೊಬ್ಬರು ಅದನ್ನು ಓದಿ, ಫೋನೂ ಮಾಡದೆ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ಅವತ್ತು ನನಗೆ ಧೈರ್ಯ ಬಂತು.

ಯಾರ ನೋಟ್ ಯಾರು ಓದಬೇಕು ಅಂತ ಜೋಡಿ ಮಾಡುವುದರಲ್ಲಿ ನನ್ನದೊಂದು ಲೆಕ್ಕ ಇದೆ. ಅರ್ಧ ಗುಟ್ಟು ಅಲ್ಲೇ ಇರುವುದು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ನಡುವೆ ಬರೆಯುವ ಬದಲು ವಾಯ್ಸ್ ನೋಟ್ ಪ್ರಯತ್ನಿಸಿದೆ. ಹೇಳುವವರಿಗೆ ಸುಲಭ, ಹುಡುಕುವವರಿಗೆ ನರಕ. ಒಂದೇ ವಾರಕ್ಕೆ ಬಿಟ್ಟೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಆಡಿಯೋ ಕಾಲ್ ತೆರೆದಿಟ್ಟು ಎಲ್ಲರೂ ಅವರವರ ಕೆಲಸ ಮಾಡುವುದನ್ನೂ ನೋಡಿದೆ. ಹೊಸಬರಿಗೆ ಇಷ್ಟವಾಯಿತು, ಹಳಬರು ಮೈಕ್ ಮ್ಯೂಟ್ ಮಾಡಿ ಮರೆತರು. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಫೋನ್ ಮಾತ್ರ ಉಳಿಸಿಕೊಂಡಿದ್ದೇನೆ. ಅದರಲ್ಲಿ ಟಿಕೆಟ್ ವಿಷಯ ಎತ್ತುವುದಿಲ್ಲ. ಕೆಲಸ ಬಿಡುವ ಯೋಚನೆಯಲ್ಲಿದ್ದ ಇಬ್ಬರು ಅಲ್ಲೇ ಬಾಯಿಬಿಟ್ಟರು, ಇಬ್ಬರೂ ಉಳಿದರು.

ಮೊದಲು ಹತ್ತು ಟಿಕೆಟ್‌ನಲ್ಲಿ ಮೂರು ಮತ್ತೆ ಸರಿಮಾಡಲು ವಾಪಸ್ ಬರುತ್ತಿದ್ದವು, ಈಗ ಒಂದು. ಕಣ್ಗಾವಲಿಗೆ ಹೋಗುತ್ತಿದ್ದ ಹಣದಲ್ಲಿ ಎಲ್ಲರಿಗೂ ಒಳ್ಳೆಯ ಹೆಡ್‌ಸೆಟ್, ಎರಡನೇ ಇಂಟರ್ನೆಟ್ ಕನೆಕ್ಷನ್ ಕೊಡಿಸಿದೆ. ಹೊಸದಾಗಿ ಸೇರುವವರಿಗೆ ಮಾತ್ರ ಬರೆಯುವುದು ಇನ್ನೂ ಕಷ್ಟ. ಅದಕ್ಕೇ ಮೊದಲ ಎರಡು ವಾರ ಹಳಬರ ನೋಟ್ ಓದಿಸಿ, ಆಮೇಲೆ ಬರೆಸುತ್ತಿದ್ದೇನೆ. ಇಬ್ಬರಿಗೆ ಒಗ್ಗಿದೆ. ಮೂರನೆಯವರು ಮುಂದಿನ ತಿಂಗಳು ಸೇರುತ್ತಾರೆ.