ಬಗ್ಗಡ ನೀರಿಗೆ ಪಟಿಕ: ಎಷ್ಟು ಹಾಕಬೇಕು, ಹೇಗೆ ತಿರುವಬೇಕು

ಮಲೆನಾಡಿನಲ್ಲಿ ಮಳೆ ಹಿಡಿದು ತುಂಗಭದ್ರೆ ಕೆಂಪಾದರೆ ದಾವಣಗೆರೆಯ ನಮ್ಮ ಓಣಿಯ ನಳದಲ್ಲೂ ಆ ಬಣ್ಣ ಇಣುಕುತ್ತದೆ. ಹಂಡೆಗೆ ಹಿಡಿದಿಟ್ಟ ನೀರು ರಾತ್ರಿ ಕಳೆದರೂ ಚಹಾದಂತೆಯೇ ಇರುತ್ತದೆ. ಆಗ ಪಟಿಕದ ಕಲ್ಲು ಹೊರಬರುತ್ತದೆ. ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ, ಎತ್ತಿಟ್ಟು, ಮುಚ್ಚಳ ಮುಚ್ಚುತ್ತೇವೆ. ಒಂದು ದಿನ ನೀರು ತಿಳಿಯಾಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ. ಆಗದ ದಿನ ಕಲ್ಲನ್ನು ದೂರುತ್ತೇವೆ. ಸಾಮಾನ್ಯವಾಗಿ ತಪ್ಪಿರುವುದು ಅಳತೆ, ಇಲ್ಲವೇ ತಿರುವಿದ ರೀತಿ.

ಮಣ್ಣು ನೀರಿಗಿಂತ ಭಾರವಲ್ಲವೇ, ತಾನಾಗಿ ಏಕೆ ಕೂರುವುದಿಲ್ಲ? ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಹರಿಯುವ ಏರ್ಪಾಟನ್ನು ನೆನೆಯಿರಿ. ದಪ್ಪ ಮರಳು ಮೇಲಿನ ಹೊಂಡದಲ್ಲೇ ತಳ ಕಾಣುತ್ತದೆ, ನುಣ್ಣನೆಯ ಜೇಡಿ ನೀರಿನ ಜೊತೆ ಮುಂದೆ ಹೋಗುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಮರಳು ಕಣ 30 ಸೆಂಟಿಮೀಟರ್ ಇಳಿಯಲು ಅರ್ಧ ನಿಮಿಷ ಸಾಕು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಜೇಡಿ ಕಣಕ್ಕೆ ಅಷ್ಟೇ ಆಳಕ್ಕೆ ಹೆಚ್ಚುಕಡಿಮೆ ನಾಲ್ಕು ದಿನ ಬೇಕು, ಅದೂ ನೀರು ಅಲುಗಾಡದಿದ್ದರೆ. ಗಾತ್ರ ಹತ್ತು ಪಟ್ಟಾದರೆ ಇಳಿಯುವ ವೇಗ ನೂರು ಪಟ್ಟಾಗುತ್ತದೆ. ಹಾಗಾಗಿ ಕಣಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡುವುದೇ ದಾರಿ.

ಆದರೆ ಜೇಡಿಯ ಕಣಗಳು ಅಂಟಿಕೊಳ್ಳಲು ಒಪ್ಪುವುದಿಲ್ಲ. ಎಲ್ಲವುಗಳ ಮೈಮೇಲೂ ಋಣ ವಿದ್ಯುದಂಶವಿದೆ. ಹತ್ತಿರ ಬಂದವು ದೂರ ತಳ್ಳಿಕೊಳ್ಳುತ್ತವೆ. ಪಟಿಕ ಕರಗಿದಾಗ ಬರುವ ಅಲ್ಯೂಮಿನಿಯಂ ಧನ ವಿದ್ಯುದಂಶದ್ದು, ಅದೂ ಮೂರು ಪಾಲಿನದ್ದು. ಅದು ಕಣಗಳ ಜಗಳ ಬಿಡಿಸುತ್ತದೆ, ಜೊತೆಗೆ ತಾನೇ ಲೋಳೆಯಂಥ ಬಿಳಿ ಪದಾರ್ಥವಾಗಿ ಅವನ್ನು ಹಿಡಿದುಕೊಳ್ಳುತ್ತದೆ. ಹಾಲಿಗೆ ನಿಂಬೆರಸ ಹಿಂಡಿದಾಗ ಒಡೆಯುವುದೂ ಇದೇ ಸಂಬಂಧದ ವಿದ್ಯೆ: ಹುಳಿ ಸೇರಿದೊಡನೆ ಹಾಲಿನ ಪ್ರೋಟೀನ್ ಕಣಗಳ ಋಣ ಅಂಶ ತಗ್ಗಿ ಅವು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ.

ಈಗ ಕೆಲಸಕ್ಕೆ ಬರೋಣ. ಗ್ರಂಧಿಗೆ ಅಂಗಡಿಯಲ್ಲಿ ಪಟಿಕ ಕೊಳ್ಳುವಾಗ 10 ಗ್ರಾಂ ಬೇರೆಯಾಗಿ ತೂಗಿಸಿಕೊಳ್ಳಿ. ಪುಡಿ ಮಾಡಿ ಒಂದು ಲೀಟರ್ ತಿಳಿನೀರಿನಲ್ಲಿ ಪೂರ್ತಿ ಕರಗಿಸಿ. ಇದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪಟಿಕ ಇರುತ್ತದೆ. ಔಷಧದ ಅಂಗಡಿಯ ಸೂಜಿಯಿಲ್ಲದ ಸಿರಿಂಜು ಅಳತೆಗೆ ಸಾಕು.

ಅಗಲ ಬಾಯಿಯ ಐದು ಪಾರದರ್ಶಕ ಡಬ್ಬಿಗಳಿಗೆ ಬಗ್ಗಡ ನೀರನ್ನು ಒಂದೊಂದು ಲೀಟರ್ ತುಂಬಿ. ಮೊದಲನೆಯದಕ್ಕೆ ಏನೂ ಬೇಡ, ಅದು ಹೋಲಿಸಿ ನೋಡಲು. ಉಳಿದವಕ್ಕೆ 2, 3, 4, 6 ಮಿಲಿಲೀಟರ್ ದ್ರಾವಣ ಹಾಕಿ, ಪ್ರತಿಯೊಂದನ್ನೂ ಹಾಕಿದ ಕೂಡಲೇ ಒಂದು ನಿಮಿಷ ಜೋರಾಗಿ ತಿರುವಿ. ಪಟಿಕ ಎಲ್ಲ ಕಡೆ ಹರಡಬೇಕು.

ಆಮೇಲಿನ 15 ನಿಮಿಷ ಮೆಲ್ಲಗೆ, ಪಾಯಸಕ್ಕೆ ಸೌಟು ಆಡಿಸಿದಷ್ಟು ಮೆಲ್ಲಗೆ, ಡಬ್ಬಿಗಳನ್ನು ಸರದಿಯಲ್ಲಿ ತಿರುವುತ್ತಿರಬೇಕು. ನಾವು ಮನೆಯಲ್ಲಿ ಬಿಟ್ಟುಬಿಡುವ ಹಂತ ಇದೇ, ನನ್ನ ಮಟ್ಟಿಗೆ ಇದೇ ಜೀವಾಳ. ತಿರುವದಿದ್ದರೆ ಕಣಗಳು ಒಂದನ್ನೊಂದು ಭೇಟಿಯಾಗುವುದಿಲ್ಲ. ಜೋರಾಗಿ ತಿರುವಿದರೆ ಕೂಡಿದ್ದು ಹರಿದುಹೋಗುತ್ತದೆ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೊದಲು ಬಿಸಿಲುಕೋಲಿನ ಧೂಳಿನಂಥ ಚುಕ್ಕೆಗಳು, ನಂತರ ಸಾಸಿವೆಯಷ್ಟು, ಕೊನೆಗೆ ಹಿಂಜಿದ ಅರಳೆಯ ಚೂರಿನಂಥ ಕಂದು ತುಣುಕುಗಳು. ಅವುಗಳ ನಡುವಿನ ನೀರು ಗಾಜಿನಂತೆ ತೆರೆದುಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ.

ಅರ್ಧ ಗಂಟೆ ಬಿಡಿ. ಬಿಸಿಲಿಗೆ, ಒಲೆಯ ಪಕ್ಕಕ್ಕೆ ಇಡಬೇಡಿ. ಒಂದು ಬದಿ ಕಾದರೆ ನೀರು ಒಳಗೇ ಸುತ್ತಿ ಗಸಿಯನ್ನು ಎಬ್ಬಿಸುತ್ತದೆ. ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ಚೆನ್ನಾಗಿ ತಿಳಿಯಾದ ಡಬ್ಬಿ ಯಾವುದೋ ಅದೇ ಆ ದಿನದ ಅಳತೆ. 3 ಮಿಲಿಲೀಟರಿನದು ಗೆದ್ದರೆ 20 ಲೀಟರಿನ ಹಂಡೆಗೆ 60 ಮಿಲಿಲೀಟರ್ ದ್ರಾವಣ, ಅಂದರೆ ಒಂದು ಗ್ರಾಂಗೂ ಕಡಿಮೆ ಪಟಿಕ.

ಇದು ಗೊತ್ತಿಲ್ಲದ ಕಾಲದಲ್ಲಿ, ಮನೆಯಲ್ಲಿ ಮದುವೆಯ ನೆಂಟರಿದ್ದಾಗ, ಬೇಗ ಆಗಲೆಂದು ನಾನು ಒಂದು ಹಿಡಿ ಪುಡಿ ಸುರಿದಿದ್ದೆ. ಬೆಳಗ್ಗೆ ನೀರು ಹಾಲುಹಾಲಾಗಿ ಹಾಗೇ ನಿಂತಿತ್ತು, ಬಾಯಿಗಿಟ್ಟರೆ ಒಗರು. ಅಜ್ಜಿ ಮಾತಾಡದೆ ಹಂಡೆಯನ್ನೆಲ್ಲ ಚೆಲ್ಲಿಸಿದರು. ಧನ ಅಂಶ ಮಿತಿ ಮೀರಿದರೆ ಕಣಗಳು ಈಗ ಧನವಾಗಿ ಮತ್ತೆ ತಳ್ಳಿಕೊಳ್ಳುತ್ತವೆ. ಪಟಿಕ ತೀರ ಹೆಚ್ಚಾದರೆ ನೀರು ಹುಳಿಯಾಗಿ, ಆ ಲೋಳೆಯೂ ಕಟ್ಟುವುದಿಲ್ಲ.

ಪಟಿಕ ಸಿಗದಿದ್ದರೆ ಬಲಿತು ಒಣಗಿದ ನುಗ್ಗೆ ಬೀಜದ ತಿರುಳನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಸೋಸಿ ಬಳಸಬಹುದು. ಅದರ ಪ್ರೋಟೀನಿಗೂ ಧನ ಅಂಶವಿದೆ. ಆದರೆ ಆ ನೀರನ್ನು ಅಂದೇ ಮುಗಿಸಬೇಕು, ಇಟ್ಟರೆ ವಾಸನೆ ಬರುತ್ತದೆ.

ತಿಳಿಯಾದ ನೀರು ಕುಡಿಯಲು ಯೋಗ್ಯವೆಂದು ನಂಬಿಬಿಡಬೇಡಿ. ಗಸಿಯ ಜೊತೆ ಒಂದಷ್ಟು ರೋಗಾಣು ಇಳಿಯುತ್ತವೆ, ಎಲ್ಲವೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿಯಲ್ಲಿರುವ ಫ್ಲೋರೈಡ್ ನೀರಿನಲ್ಲಿ ಕರಗಿರುವಂಥದ್ದು, ತೇಲುವ ಕಣವಲ್ಲ. ಇಷ್ಟು ಪಟಿಕಕ್ಕೆ ಅದು ಜಗ್ಗುವುದಿಲ್ಲ. ನದಿ, ಕೆರೆಯ ನೀರಾದರೆ ಹಂಡೆ ಅಲುಗಿಸದೆ ಮೇಲಿನ ತಿಳಿಯನ್ನು ಚೊಂಬಿನಲ್ಲಿ ಎತ್ತಿ, ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ. ತಳದ ನಾಲ್ಕು ಬೆರಳು ನೀರನ್ನು ಮೋರಿಗೆ ಬಿಡಿ.